ಸಿಡಿ ಪ್ಲೇಯರ್ ಬದಲಿಸಬೇಕೇ, ಸ್ಟ್ರೀಮಿಂಗ್‌ಗೆ ಹೊರಳಬೇಕೇ?

ಪ್ರಶ್ನೆ: ಸಂಜೆಕೇಳುಗ

ಎಲ್ಲರಿಗೂ ನಮಸ್ಕಾರ. ನನ್ನ ಬಳಿ ಒಂದು ಸ್ಟೀರಿಯೋ ಆಂಪ್ಲಿಫೈಯರ್, ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ಮತ್ತು ಹಳೆಯದೊಂದು ಸಿಡಿ ಪ್ಲೇಯರ್ ಇವೆ. ಆಂಪ್ಲಿಫೈಯರಿನಲ್ಲಿ ಅನಲಾಗ್ ಇನ್‌ಪುಟ್‌ಗಳು ಮಾತ್ರ ಇವೆ. ಸ್ಪೀಕರ್ ಮತ್ತು ಆಂಪ್ಲಿಫೈಯರಿನ ಬಗ್ಗೆ ನನ್ನ ತಕರಾರೇನೂ ಇಲ್ಲ. ತೊಂದರೆ ಕೊಡುತ್ತಿರುವುದು ಪ್ಲೇಯರ್. ಸಿಡಿ ಒಂದು ಗಂಟೆಗಿಂತ ಉದ್ದವಿದ್ದರೆ ಕೊನೆಯ ಹಾಡುಗಳಿಗೆ ಬರುವ ಹೊತ್ತಿಗೆ ಅದು ತಡವರಿಸತೊಡಗುತ್ತದೆ: ಒಳಗಿನಿಂದ ಸಣ್ಣಗೆ ಟಿಕ್ ಟಿಕ್ ಸದ್ದು ಬರುತ್ತದೆ, ಪರದೆಯ ಮೇಲಿನ ಸಮಯ ಅಲ್ಲೇ ನಿಲ್ಲುತ್ತದೆ, ಆಮೇಲೆ ಕೆಲವು ಸೆಕೆಂಡುಗಳಷ್ಟು ಸಂಗೀತವನ್ನು ಹಾರಿಸಿ ಮುಂದಕ್ಕೆ ಹೋಗುತ್ತದೆ. ಚಿಕ್ಕ ಸಿಡಿಗಳು ಸರಾಗವಾಗಿ ಓಡುತ್ತವೆ.

ನನ್ನಲ್ಲಿ ಮುನ್ನೂರಕ್ಕೂ ಹೆಚ್ಚು ಸಿಡಿಗಳಿವೆ, ಅವುಗಳಲ್ಲಿ ಹಲವು ಯಾವ ಸ್ಟ್ರೀಮಿಂಗ್ ಸೇವೆಯಲ್ಲಿಯೂ ನನಗೆ ಸಿಕ್ಕಿಲ್ಲ. ಇನ್ನೊಂದು ಕಡೆ, ಹೊಸ ಸಂಗೀತವನ್ನು ನಾನು ಕೇಳುವುದೆಲ್ಲ ಫೋನಿನಿಂದಲೇ. ಆಂಪ್ಲಿಫೈಯರಿಗೆ ಒಂದು ಪುಟ್ಟ ಬ್ಲೂಟೂತ್ ರಿಸೀವರ್ ಜೋಡಿಸಿಕೊಂಡಿದ್ದೇನೆ. ಹೀಗೆ ಕೇಳುವಾಗ ಅದೇ ಆಲ್ಬಂ ಸಿಡಿಯಲ್ಲಿ ಹೆಚ್ಚು ತುಂಬಿಕೊಂಡಂತೆಯೂ ಫೋನಿನಿಂದ ಸ್ವಲ್ಪ ಸಪ್ಪೆಯಾಗಿಯೂ ಕೇಳಿಸುತ್ತದೆ.

ಎರಡಕ್ಕೂ ಒಟ್ಟಿಗೆ ಹಣ ಹಾಕುವ ಸ್ಥಿತಿಯಲ್ಲಿ ನಾನಿಲ್ಲ. ಆದ್ದರಿಂದ ಒಳ್ಳೆಯ ಸಿಡಿ ಪ್ಲೇಯರ್ ಒಂದನ್ನು ಕೊಳ್ಳಬೇಕೇ, ಅಥವಾ ಅಂತರಜಾಲದಿಂದ ಹಾಡು ತರಿಸಿಕೊಳ್ಳುವ ಒಳ್ಳೆಯ ಸ್ಟ್ರೀಮರ್ ಕೊಂಡು ಸಿಡಿಗಳನ್ನು ಕಪಾಟಿನಲ್ಲೇ ಬಿಡಬೇಕೇ ಎಂಬುದು ನನ್ನ ಪ್ರಶ್ನೆ. ನನಗೆ ಕೇಳಿಸುವ ವ್ಯತ್ಯಾಸ ನಿಜವೇ ಎಂಬುದನ್ನೂ, ಇವತ್ತು ಕೊಂಡ ಡಿಸ್ಕ್ ಪ್ಲೇಯರನ್ನು ಮುಂದೆ ರಿಪೇರಿ ಮಾಡಿಸಲು ಸಾಧ್ಯವಾಗುತ್ತದೆಯೇ ಎಂಬುದನ್ನೂ ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಅಳತೆಗೋಲು

ಮೊದಲು ಧ್ವನಿಯ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳೋಣ. ನಿಮಗೆ ಕೇಳಿಸುವ ವ್ಯತ್ಯಾಸ ನಿಜವೇ ಇರಬಹುದು, ಆದರೆ ನೀವು ಸಿಡಿಯೊಂದಿಗೆ ಹೋಲಿಸಿರುವುದು ಬ್ಲೂಟೂತನ್ನು. ಸ್ಟ್ರೀಮಿಂಗನ್ನು ನೀವು ಇನ್ನೂ ಸರಿಯಾಗಿ ಕೇಳಿಯೇ ಇಲ್ಲ ಎನ್ನಬೇಕು.

ಸಿಡಿಯಲ್ಲಿ ಪ್ರತಿ ಸೆಕೆಂಡಿಗೆ 44,100 ಮಾದರಿಗಳು, ಪ್ರತಿಯೊಂದೂ 16 ಬಿಟ್, ಎಡ ಬಲ ಎರಡು ಚಾನೆಲ್. ಗುಣಿಸಿದರೆ ಸೆಕೆಂಡಿಗೆ 1,411 ಕಿಲೋಬಿಟ್‌ಗಳಾಗುತ್ತವೆ. ಸಾಮಾನ್ಯ ಬ್ಲೂಟೂತ್ ರಿಸೀವರ್ ಬಳಸುವ ಎಸ್‌ಬಿಸಿ ಎಂಬ ಕೋಡೆಕ್ (ಧ್ವನಿಯನ್ನು ಸಂಕುಚಿಸುವ ವಿಧಾನ) ಒಳ್ಳೆಯ ಸ್ಥಿತಿಯಲ್ಲಿ ಸುಮಾರು 328 ಕಿಲೋಬಿಟ್‌ಗಳಲ್ಲಿ ಕೆಲಸ ಮಾಡುತ್ತದೆ, ಎಲ್‌ಡಿಎಸಿ ಎಂಬುದು 990ರವರೆಗೆ ಹೋಗುತ್ತದೆ. ಎರಡೂ ಸಂಗೀತದ ಒಂದಷ್ಟು ಮಾಹಿತಿಯನ್ನು ಬಿಟ್ಟುಕೊಟ್ಟೇ ಕಳುಹಿಸುತ್ತವೆ. ಸೇವೆಯಿಂದ ಬಂದ ಹಾಡು ಈಗಾಗಲೇ ಸಂಕುಚಿತವಾಗಿದ್ದರೆ ಬ್ಲೂಟೂತ್ ಅದನ್ನು ಬಿಚ್ಚಿ ಮತ್ತೊಮ್ಮೆ ಸಂಕುಚಿಸುತ್ತದೆ, ಹೀಗೆ ನಷ್ಟ ಎರಡು ಸಲ ಆಗುತ್ತದೆ. ಇದರ ಜೊತೆಗೆ ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಎಲ್ಲ ಧ್ವನಿಯನ್ನೂ ತಮ್ಮೊಳಗೆ 48 ಕಿಲೋಹರ್ಟ್ಸ್‌ಗೆ ಬದಲಿಸಿಕೊಂಡೇ ಹೊರಗೆ ಬಿಡುತ್ತವೆ.

ಇದಕ್ಕಿಂತ ದೊಡ್ಡ ಕಾರಣ ಬೇರೆ ಇದೆ ಎಂದು ನನ್ನ ಅನುಮಾನ. ಸಿಡಿ ಪ್ಲೇಯರುಗಳು ಸಾಮಾನ್ಯವಾಗಿ 2 ವೋಲ್ಟ್ ಮಟ್ಟದಲ್ಲಿ ಸಂಕೇತವನ್ನು ಹೊರಗೆ ಕೊಡುತ್ತವೆ. ಪುಟ್ಟ ರಿಸೀವರುಗಳಲ್ಲಿ ಹಲವು ಅದಕ್ಕಿಂತ ಕಡಿಮೆ ಕೊಡುತ್ತವೆ. ಮೇಲಾಗಿ ಸ್ಟ್ರೀಮಿಂಗ್ ಆ್ಯಪ್‌ಗಳಲ್ಲಿ ಹಾಡುಗಳ ಗಟ್ಟಿತನವನ್ನು ಒಂದೇ ಮಟ್ಟಕ್ಕೆ ತರುವ ವ್ಯವಸ್ಥೆ ಇರುತ್ತದೆ. ಉದಾಹರಣೆಗೆ ಸ್ಪಾಟಿಫೈ ಅದನ್ನು ತಾನಾಗಿಯೇ ಚಾಲೂ ಇಟ್ಟು ಮೈನಸ್ 14 ಎಲ್‌ಯುಎಫ್‌ಎಸ್ (ಗಟ್ಟಿತನದ ಅಳತೆ) ಮಟ್ಟವನ್ನು ಗುರಿಯಾಗಿ ಇಟ್ಟುಕೊಂಡಿದೆ. ಒಂದು ಡೆಸಿಬಲ್‌ನಷ್ಟು ವ್ಯತ್ಯಾಸವಿದ್ದರೂ ನಮ್ಮ ಕಿವಿ ಅದನ್ನು ಗಟ್ಟಿ, ಮೆಲ್ಲ ಎಂದು ಗುರುತಿಸುವುದಿಲ್ಲ. ಗಟ್ಟಿಯಾದದ್ದನ್ನು ತುಂಬಿದ ಧ್ವನಿ ಎಂದೂ ಇನ್ನೊಂದನ್ನು ಸಪ್ಪೆ ಎಂದೂ ತೀರ್ಪು ಕೊಡುತ್ತದೆ. ನೀವು ಬಳಸಿರುವ ಮಾತುಗಳೇ ಅವು ಎಂಬುದನ್ನು ಗಮನಿಸಿ. ಮೂರನೆಯ ಸಾಧ್ಯತೆಯೂ ಉಂಟು: ಸೇವೆಯಲ್ಲಿರುವುದು ನಿಮ್ಮ ಸಿಡಿಯ ಆವೃತ್ತಿಯಾಗಿರದೆ, ಆಮೇಲೆ ಯಾರೋ ಮರುಮಾಸ್ಟರಿಂಗ್ ಮಾಡಿ, ಅಂದರೆ ಅಂತಿಮ ಪ್ರತಿಯನ್ನು ಹೊಸದಾಗಿ ಹದಗೊಳಿಸಿ, ಮೆಲ್ಲ-ಗಟ್ಟಿಗಳ ಅಂತರವನ್ನು ಹಿಂಡಿ ಹಾಕಿದ ಆವೃತ್ತಿಯಾಗಿರಬಹುದು. 1990ರ ದಶಕದ ನಡುವಿನಿಂದ ಈಚೆಗೆ ಹೀಗೆ ಗಟ್ಟಿ ಮಾಡುವ ಚಾಳಿ ಎಷ್ಟು ಬೆಳೆಯಿತೆಂದರೆ, 1980ರ ದಶಕದ ಮೊದಲ ಮುದ್ರಣದ ಸಿಡಿಗಳನ್ನೇ ಹುಡುಕಿಕೊಂಡು ಹೋಗುವವರು ಇವತ್ತಿಗೂ ಇದ್ದಾರೆ. ಆ ಸಿಡಿಗಳು ನಿಮ್ಮಲ್ಲಿದ್ದರೆ ದಯವಿಟ್ಟು ಯಾರಿಗೂ ಕೊಡಬೇಡಿ.

ಒಂದೇ ಮಾಸ್ಟರಿನ ಸಿಡಿಯನ್ನೂ ನಷ್ಟರಹಿತ ಸ್ಟ್ರೀಮನ್ನೂ ಒಂದೇ ಡ್ಯಾಕ್‌ಗೆ (ಡಿಜಿಟಲ್ ಸಂಕೇತವನ್ನು ಅನಲಾಗ್‌ಗೆ ಬದಲಿಸುವ ಉಪಕರಣಕ್ಕೆ) ಕೊಟ್ಟು, ಮಟ್ಟವನ್ನು ಸಮ ಮಾಡಿ ಕೇಳಿದರೆ ವ್ಯತ್ಯಾಸ ಉಳಿಯುವುದಕ್ಕೆ ಕಾರಣವಿಲ್ಲ. ಜಾಲದ ಮೂಲಕ ಬರುವ ಬಿಟ್‌ಗಳು ಪೂರ್ತಿ ಬರುತ್ತವೆ ಅಥವಾ ಹಾಡು ನಿಂತುಬಿಡುತ್ತದೆ. ಅರೆಬರೆಯಾಗಿ ಬಂದು ಧ್ವನಿ ತೆಳುವಾಗುವುದು ಎಂಬುದಿಲ್ಲ. ಸಿಡಿಯ ದರ್ಜೆ ಸಾಲದು, 24 ಬಿಟ್ 192 ಕಿಲೋಹರ್ಟ್ಸ್ ಬೇಕು ಎನ್ನುವವರೂ ನಿಮಗೆ ಸಿಗುತ್ತಾರೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಎಂಬುವರು ಉನ್ನತ ದರ್ಜೆಯ ಧ್ವನಿಯನ್ನು 16 ಬಿಟ್ 44.1ರ ಮೂಲಕ ಹಾಯಿಸಿ ಪರೀಕ್ಷಿಸಿದಾಗ, ಸಾಮಾನ್ಯ ಮಟ್ಟದಲ್ಲಿ ಕೇಳುಗರಿಗೆ ಅದು ಗೊತ್ತಾಗಲಿಲ್ಲ. 2016ರಲ್ಲಿ ರೈಸ್ ಎಂಬುವರು 18 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದಾಗ ಸರಿಯಾಗಿ ಗುರುತಿಸಿದ ಪ್ರಮಾಣ ಶೇಕಡಾ 52ರ ಆಸುಪಾಸಿನಲ್ಲಿತ್ತು; ಸುಮ್ಮನೆ ಊಹಿಸಿದ್ದರೂ 50 ಬರುತ್ತಿತ್ತು. ಅಷ್ಟು ಸಣ್ಣ ಅಂತರಕ್ಕಾಗಿ ನೀವು ಹಣ ಕೊಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ನನ್ನ ಸಲಹೆ ಇಷ್ಟು. ಡಿಸ್ಕ್ ಪ್ಲೇಯರಿಗಾಗಲಿ ಸ್ಟ್ರೀಮರಿಗಾಗಲಿ ದೊಡ್ಡ ಹಣ ಹಾಕಬೇಡಿ. ಆಪ್ಟಿಕಲ್, ಕೊಯಾಕ್ಸಿಯಲ್ ಮತ್ತು ಯುಎಸ್‌ಬಿ ಮೂರೂ ಇನ್‌ಪುಟ್‌ಗಳಿರುವ ಒಂದು ಒಳ್ಳೆಯ ಡ್ಯಾಕನ್ನು ಆಂಪ್ಲಿಫೈಯರಿಗೆ ಜೋಡಿಸಿ. ಅದರ ಹಿಂದೆ ಇವತ್ತು ಸಿಡಿ ಪ್ಲೇಯರ್ ಇರಲಿ, ನಾಳೆ ಸ್ಟ್ರೀಮರ್ ಬರಲಿ, ಕೆಟ್ಟುಹೋದದ್ದನ್ನು ತೆಗೆದು ಇನ್ನೊಂದನ್ನು ಸಿಕ್ಕಿಸಿದರಾಯಿತು.

ಉತ್ತರ: ಬೆಸುಗೆ

ಅಳತೆಗೋಲು ಅವರು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ನೀವು ಇನ್ನೂ ಏನನ್ನೂ ಕೊಳ್ಳದೆ ಇರುವಾಗ, ನಿಮ್ಮ ಹಳೆಯ ಪ್ಲೇಯರ್ ನಿಜಕ್ಕೂ ಸತ್ತಿದೆಯೇ ಎಂದು ಮೊದಲು ನೋಡುವುದು ಒಳ್ಳೆಯದು.

ಸಿಡಿ ಓದುವುದು ಒಳಗಿನಿಂದ ಹೊರಕ್ಕೆ. ಓದುವ ರೇಖೀಯ ವೇಗ ಒಂದೇ ಆಗಿರಬೇಕಾದ್ದರಿಂದ ತಿರುಗುವ ವೇಗ ಒಳಗಡೆ ನಿಮಿಷಕ್ಕೆ ಸುಮಾರು 500 ಸುತ್ತುಗಳಿಂದ ಅಂಚಿಗೆ ಬರುವಾಗ ಸುಮಾರು 200ಕ್ಕೆ ಇಳಿಯುತ್ತದೆ. ಚಿಕ್ಕ ಸಿಡಿಯಲ್ಲಿ ಲೇಸರ್ ಹೊರ ಅಂಚಿನವರೆಗೆ ಹೋಗುವ ಪ್ರಮೇಯವೇ ಬರುವುದಿಲ್ಲ, ಉದ್ದದ ಸಿಡಿಯಲ್ಲಿ ಮಾತ್ರ ಬರುತ್ತದೆ. ಹಾಗಾಗಿ ನಿಮ್ಮ ಲಕ್ಷಣ ಎರಡು ಕಡೆ ಬೆರಳು ತೋರಿಸುತ್ತದೆ: ಲೇಸರ್ ಘಟಕ ಜಾರುವ ಹಳಿಯ ಹೊರತುದಿಯಲ್ಲಿ ಗ್ರೀಸ್ ಒಣಗಿ ಗಟ್ಟಿಯಾಗಿರುವುದು, ಅಥವಾ ಲೆನ್ಸ್ ಮೇಲೆ ಧೂಳು ಕೂತು ಸಂಕೇತ ದುರ್ಬಲವಾಗಿರುವುದು. ಅಂಚಿನ ಕಡೆ ಡಿಸ್ಕ್ ಹೆಚ್ಚು ಓಲಾಡುವುದರಿಂದ ದುರ್ಬಲ ಲೇಸರಿಗೆ ಅಲ್ಲಿಯೇ ಮೊದಲು ಕಷ್ಟವಾಗುತ್ತದೆ. ಲೇಸರ್ ಪೂರ್ತಿ ಸೋತಿದ್ದರೆ ಸಾಮಾನ್ಯವಾಗಿ ಸಿಡಿಯ ಆರಂಭದಲ್ಲಿರುವ ವಿಷಯಸೂಚಿಯನ್ನೇ ಓದಲಾಗದೆ ಡಿಸ್ಕ್ ಇಲ್ಲ ಎಂಬ ಸಂದೇಶ ಬರುತ್ತದೆ. ನಿಮ್ಮದು ಅಲ್ಲಿಗೆ ತಲುಪಿಲ್ಲ.

ವಿದ್ಯುತ್ ಸಂಪರ್ಕ ತೆಗೆದು, ಮುಚ್ಚಳ ಬಿಚ್ಚಿದರೆ ಗುಂಡುಪಿನ್ನಿನ ತಲೆಗಿಂತ ಸ್ವಲ್ಪ ದೊಡ್ಡದಾದ, ನೀಲಿ ಛಾಯೆಯ ಲೆನ್ಸ್ ಕಾಣುತ್ತದೆ. ಅದು ಸೂಕ್ಷ್ಮ ತಂತಿಗಳ ಮೇಲೆ ತೇಲಾಡುವಂತೆ ನಿಂತಿರುತ್ತದೆ, ಆದ್ದರಿಂದ ಒತ್ತಬಾರದು. ಮೊದಲು ಒಣ ಹತ್ತಿಕಡ್ಡಿಯಿಂದ, ಅದರಿಂದ ಆಗದಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತುಸುವೇ ತೇವ ಮಾಡಿದ ಹತ್ತಿಕಡ್ಡಿಯಿಂದ ಹಗುರವಾಗಿ ಸವರಿ. ಹಳಿಯ ಹಳೆಯ ಗ್ರೀಸನ್ನು ಒರೆಸಿ, ಪ್ಲಾಸ್ಟಿಕ್ಕಿಗೆ ಹೊಂದುವ ಹೊಸ ಗ್ರೀಸನ್ನು ಎಳೆಯಷ್ಟು ಹಚ್ಚಿ. ಮುಚ್ಚಳ ತೆರೆದಿರುವಾಗ ಯಂತ್ರವನ್ನು ಚಾಲೂ ಮಾಡಿ ಲೆನ್ಸಿನೊಳಗೆ ಇಣುಕುವ ಕೆಲಸ ಮಾತ್ರ ಬೇಡ. 780 ನ್ಯಾನೋಮೀಟರಿನ ಆ ಬೆಳಕು ಕಣ್ಣಿಗೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ, ಕಾಣದೆಯೇ ಹಾನಿ ಮಾಡುತ್ತದೆ.

ರಿಪೇರಿಯ ಭವಿಷ್ಯದ ಬಗ್ಗೆ ಕೇಳಿದ್ದೀರಿ. ರಬ್ಬರ್ ಪಟ್ಟಿ, ಮೋಟಾರುಗಳ ವಿಷಯದಲ್ಲಿ ಚಿಂತೆಯಿಲ್ಲ. ಲೇಸರ್ ಘಟಕವೇ ನಿರ್ಣಾಯಕ. ಅನೇಕ ತಯಾರಕರು ಬಳಸಿದ ಸೋನಿ ಕೆಎಸ್‌ಎಸ್-213ರಂಥ ಘಟಕಗಳ ಬದಲಿ ಇನ್ನೂ ಸಿಗುತ್ತವೆ, ಅವುಗಳಲ್ಲಿ ನಕಲುಗಳು ಧಾರಾಳವಾಗಿವೆ ಎಂಬ ಎಚ್ಚರಿಕೆಯೂ ಇರಲಿ. ಒಂದೇ ತಯಾರಕ ತನ್ನ ಒಂದೆರಡು ಮಾದರಿಗಳಿಗಾಗಿಯೇ ಮಾಡಿಸಿದ ಘಟಕವಿರುವ ಪ್ಲೇಯರ್, ಎಷ್ಟೇ ದುಬಾರಿಯಾಗಿದ್ದರೂ, ಘಟಕ ಕೆಟ್ಟ ದಿನವೇ ಮೂಲೆ ಸೇರುತ್ತದೆ. ಒಪ್ಪೊ ಸಂಸ್ಥೆ ತನ್ನ ಪ್ರಸಿದ್ಧ ಡಿಸ್ಕ್ ಪ್ಲೇಯರುಗಳ ತಯಾರಿಕೆಯನ್ನು 2018ರಲ್ಲಿ ನಿಲ್ಲಿಸಿದ ಮೇಲೆ, ಎಲ್ಲ ಬಗೆಯ ಡಿಸ್ಕುಗಳನ್ನೂ ಓದುವ ಯಂತ್ರಗಳ ಆಯ್ಕೆ ಇನ್ನಷ್ಟು ಕಿರಿದಾಯಿತು. ಬರೀ ಸಿಡಿ ಓದುವ, ಡ್ಯಾಕ್ ಇಲ್ಲದ ಟ್ರಾನ್ಸ್‌ಪೋರ್ಟ್‌ಗಳಂತೂ ಈಗಲೂ ಹೊಸದಾಗಿ ಬರುತ್ತಿವೆ.

ಉತ್ತರ: ತಂತಿಯಿಲ್ಲದವನು

ನಾನು ಸ್ಟ್ರೀಮಿಂಗ್ ಪಕ್ಷದವನು. ಸ್ಟ್ರೀಮಿಂಗ್‌ನಲ್ಲಿ ಧ್ವನಿಯ ದರ್ಜೆ ಕಡಿಮೆ ಎಂಬ ವಾದ ಈಗ ಹಳತಾಗಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಆ್ಯಪಲ್ ಮ್ಯೂಸಿಕ್ 2021ರಲ್ಲಿಯೇ ಹೆಚ್ಚುವರಿ ಶುಲ್ಕವಿಲ್ಲದೆ ನಷ್ಟರಹಿತ ಧ್ವನಿಯನ್ನು ಕೊಡತೊಡಗಿತು, ಟೈಡಲ್ 2024ರಲ್ಲಿ ವಿವಾದಾಸ್ಪದವಾಗಿದ್ದ ಎಂಕ್ಯೂಎ ವಿಧಾನವನ್ನು ಕೈಬಿಟ್ಟು ಎಲ್ಲರೂ ಬಳಸುವ ಫ್ಲ್ಯಾಕ್ ಎಂಬ ನಷ್ಟರಹಿತ ವಿಧಾನಕ್ಕೆ ಬಂತು, ಬಹುಕಾಲ 320 ಕಿಲೋಬಿಟ್‌ಗೆ ಅಂಟಿಕೊಂಡಿದ್ದ ಸ್ಪಾಟಿಫೈ ಕೂಡ 2025ರಲ್ಲಿ 24 ಬಿಟ್ 44.1ರವರೆಗಿನ ನಷ್ಟರಹಿತ ಧ್ವನಿಯನ್ನು ಆರಂಭಿಸಿತು. ಸ್ಟ್ರೀಮರ್ ಇದ್ದರೆ ಫೋನು ಬರೀ ರಿಮೋಟಿನ ಕೆಲಸ ಮಾಡುತ್ತದೆ. ಹಾಡನ್ನು ಸೇವೆಯಿಂದ ನೇರವಾಗಿ ತರಿಸಿಕೊಳ್ಳುವುದು ಸ್ಟ್ರೀಮರೇ ಆದ್ದರಿಂದ ಬ್ಲೂಟೂತ್ ನಡುವೆ ಬರುವುದೇ ಇಲ್ಲ.

ಹಾಗೆಂದು ಕಣ್ಣು ಮುಚ್ಚಿಕೊಂಡು ಕೊಳ್ಳಬೇಡಿ. ಸ್ಟ್ರೀಮರಿನಲ್ಲಿ ಕೆಡುವಂಥ ಚಲಿಸುವ ಭಾಗಗಳಿಲ್ಲ, ಆದರೆ ಅದರ ಸಾಫ್ಟ್‌ವೇರಿಗೆ ವಯಸ್ಸಾಗುತ್ತದೆ. ಸೇವೆಯವರು ತಮ್ಮ ಕಡೆಯ ಕೊಂಡಿಯನ್ನು ಬದಲಿಸಿದಾಗ ತಯಾರಕರು ಹೊಸ ಆವೃತ್ತಿ ಕೊಡದಿದ್ದರೆ, ಪೆಟ್ಟಿಗೆ ಹೊಳೆಯುತ್ತಲೇ ಇದ್ದು ಹಾಡು ಬರುವುದು ನಿಲ್ಲುತ್ತದೆ. ಲಾಜಿಟೆಕ್‌ನ ಸ್ಕ್ವೀಜ್‌ಬಾಕ್ಸ್ ಉಪಕರಣಗಳ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 2012ರಲ್ಲಿ ಅವುಗಳ ತಯಾರಿಕೆ ನಿಂತಿತು, 2024ರಲ್ಲಿ ಅವುಗಳ ಅಂತರಜಾಲ ಸೇವೆಯೂ ಮುಚ್ಚಿತು, ಆದರೂ ಅವು ಇಂದಿಗೂ ಅನೇಕರ ಮನೆಯಲ್ಲಿ ಹಾಡುತ್ತಿವೆ. ಏಕೆಂದರೆ ಅವುಗಳ ಸರ್ವರ್ ತಂತ್ರಾಂಶ ಮುಕ್ತವಾಗಿದ್ದು, ಬಳಕೆದಾರರೇ ಅದನ್ನು ಲಿರಿಯನ್ ಎಂಬ ಹೆಸರಿನಲ್ಲಿ ಮುಂದುವರಿಸಿದ್ದಾರೆ. ಆ ಮುಕ್ತತೆ ಇಲ್ಲದ ಉಪಕರಣಗಳಿಗೆ ಅಂಥ ಎರಡನೆಯ ಆಯಸ್ಸು ಸಿಕ್ಕುವುದಿಲ್ಲ. ನಾನಾಗಿದ್ದರೆ ಡಿಜಿಟಲ್ ಔಟ್‌ಪುಟ್ ಇರುವ ಸಾಧಾರಣ ಸ್ಟ್ರೀಮರನ್ನು ಕೊಂಡು, ಅದು ಕೆಲವು ವರ್ಷಗಳಲ್ಲಿ ಹಳೆಯದಾಗುತ್ತದೆ ಎಂದು ಮೊದಲೇ ಲೆಕ್ಕ ಹಿಡಿದುಬಿಡುತ್ತೇನೆ.

ಕೊಳ್ಳುವ ಮೊದಲು ಒಂದನ್ನು ಪರೀಕ್ಷಿಸಿ. ಹಾಡಿನಿಂದ ಹಾಡಿಗೆ ವಿರಾಮವೇ ಇಲ್ಲದೆ ಹರಿಯುವ ಕಛೇರಿಯ ಧ್ವನಿಮುದ್ರಣವೊಂದನ್ನು ಹಾಕಿ ನೋಡಿ. ಕೆಲವು ಸ್ಟ್ರೀಮರುಗಳು ಎರಡು ಟ್ರ್ಯಾಕುಗಳ ನಡುವೆ ಅರೆಕ್ಷಣ ಮೌನವಾಗುತ್ತವೆ. ಚಪ್ಪಾಳೆಯ ನಡುವೆ ಕತ್ತರಿ ಹಾಕಿದಂತೆ ಆಗುವ ಈ ದೋಷ ಅತಿ ಸಾಮಾನ್ಯ ಸಿಡಿ ಪ್ಲೇಯರಿನಲ್ಲಿಯೂ ಇರಲಿಲ್ಲ ಎಂಬುದು ನಮ್ಮ ಪಕ್ಷಕ್ಕೆ ನಾಚಿಕೆಯ ಸಂಗತಿ.

ಉತ್ತರ: ಕಪಾಟು

ನೀವು ಹೇಳಿದ ಒಂದು ಮಾತನ್ನು ಯಾರೂ ಎತ್ತಿಕೊಂಡಿಲ್ಲ. ನಿಮ್ಮ ಸಿಡಿಗಳಲ್ಲಿ ಹಲವು ಸೇವೆಗಳಲ್ಲಿ ಸಿಕ್ಕಿಲ್ಲ ಎಂದಿದ್ದೀರಿ. ಹಾಗಿದ್ದ ಮೇಲೆ ಸಿಡಿಗಳನ್ನು ಕಪಾಟಿನಲ್ಲೇ ಬಿಡುವ ಪ್ರಶ್ನೆಯೇ ಏಳಬಾರದು. ಇವತ್ತು ಸಿಗುವುದು ನಾಳೆಯೂ ಸಿಗುತ್ತದೆ ಎಂಬ ಖಾತ್ರಿ ಕೂಡ ಇಲ್ಲ, ಏಕೆಂದರೆ ಚಂದಾ ಕಟ್ಟಿ ನಾವು ಪಡೆಯುವುದು ಕೇಳುವ ಅನುಮತಿಯನ್ನು ಮಾತ್ರ. ಗಾಯಕ ನೀಲ್ ಯಂಗ್ 2022ರ ಜನವರಿಯಲ್ಲಿ ತಮ್ಮ ಸಂಗೀತವನ್ನು ಸ್ಪಾಟಿಫೈನಿಂದ ಹಿಂದಕ್ಕೆ ಪಡೆದಾಗ, ಅದು 2024ರಲ್ಲಿ ಮರಳುವವರೆಗೆ, ಸಿಡಿ ಇದ್ದವರಿಗೆ ಯಾವ ವ್ಯತ್ಯಾಸವೂ ಆಗಲಿಲ್ಲ.

ಸಂಜೆಕೇಳುಗ

ಎಲ್ಲರಿಗೂ ಧನ್ಯವಾದಗಳು. ಆ್ಯಪಿನಲ್ಲಿ ಗಟ್ಟಿತನ ಸಮ ಮಾಡುವ ಆಯ್ಕೆಯನ್ನು ತೆಗೆದು, ಫೋನಿನಿಂದ ಕೇಳುವಾಗ ಆಂಪ್ಲಿಫೈಯರಿನ ವಾಲ್ಯೂಮನ್ನು ತುಸು ಏರಿಸಿ ನೋಡಿದೆ. ಸಪ್ಪೆತನ ಬಹುಮಟ್ಟಿಗೆ ಹೋಯಿತು. ಒಂದು ಆಲ್ಬಂನಲ್ಲಿ ಮಾತ್ರ ತಾಳವಾದ್ಯದ ಪೆಟ್ಟುಗಳು ಸಿಡಿಯಲ್ಲಿ ಈಗಲೂ ಸ್ಪಷ್ಟವಾಗಿ ಎದ್ದು ಬರುತ್ತವೆ, ಸೇವೆಯಲ್ಲಿ ಒಂದೇ ಸಮನಾಗಿ ಅಮುಕಿದಂತಿವೆ. ಅದು ಮರುಮಾಸ್ಟರಿಂಗ್ ಆದ ಆವೃತ್ತಿ ಎಂದು ಆ್ಯಪಿನಲ್ಲಿಯೇ ನಮೂದಾಗಿದೆ.

ಲೆನ್ಸ್ ಮತ್ತು ಹಳಿಯ ಕೆಲಸವನ್ನು ತಿಳಿದವರೊಬ್ಬರಿಂದ ಮಾಡಿಸುತ್ತೇನೆ. ಸದ್ಯಕ್ಕೆ ಡ್ಯಾಕ್ ಕೊಳ್ಳುವುದೆಂದು ಮನಸ್ಸು ಮಾಡಿದ್ದೇನೆ. ಪ್ಲೇಯರಿನ ಹಿಂದೆ ಆಪ್ಟಿಕಲ್ ಔಟ್‌ಪುಟ್ ಇರುವುದನ್ನು ಖಚಿತಪಡಿಸಿಕೊಂಡೆ. ಈಗ ಉಳಿದದ್ದು ಇಷ್ಟು: ಸಿಡಿಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿಕೊಂಡುಬಿಟ್ಟರೆ ಮುಂದೆ ಪ್ಲೇಯರಿನ ಹಂಗೇ ಇರುವುದಿಲ್ಲವಲ್ಲ. ಹಾಗೆ ಇಳಿಸಿದ್ದು ಮೂಲಕ್ಕೆ ಸಮವಾಗಿರುತ್ತದೆಯೇ?

ಉತ್ತರ: ಬೆಸುಗೆ

ಸರಿಯಾಗಿ ರಿಪ್ ಮಾಡಿದರೆ ಸಮವಾಗಿಯೇ ಇರುತ್ತದೆ, ಕೆಲವೊಮ್ಮೆ ಪ್ಲೇಯರಿಗಿಂತ ಮೇಲು. ಸಿಡಿಯಲ್ಲಿ ದೋಷ ತಿದ್ದುವ ವ್ಯವಸ್ಥೆ ಹುದುಗಿದ್ದು, ಹಾದಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರಿನವರೆಗೆ ಮಾಹಿತಿ ಅಳಿಸಿದ್ದರೂ ಅದನ್ನು ಪೂರ್ತಿ ಮರಳಿ ಕಟ್ಟಬಲ್ಲದು. ಅದನ್ನು ಮೀರಿದರೆ ಪ್ಲೇಯರ್ ಅಕ್ಕಪಕ್ಕದ ಮಾದರಿಗಳನ್ನು ನೋಡಿ ಅಂದಾಜು ತುಂಬಿಸಿ ಮುಂದೆ ಸಾಗುತ್ತದೆ, ಏಕೆಂದರೆ ಅದಕ್ಕೆ ನಿಲ್ಲಲು ಸಮಯವಿಲ್ಲ. ಕಂಪ್ಯೂಟರಿಗೆ ಆ ಅವಸರವಿಲ್ಲ, ಅದೇ ಜಾಗವನ್ನು ಮತ್ತೆ ಮತ್ತೆ ಓದಬಲ್ಲದು. ಎಕ್ಸಾಕ್ಟ್ ಆಡಿಯೋ ಕಾಪಿಯಂಥ ತಂತ್ರಾಂಶ ಬಳಸಿ. ಅದು ಆಕ್ಯುರೇಟ್‌ರಿಪ್ ಎಂಬ ಸಂಗ್ರಹದೊಂದಿಗೆ ತಾಳೆ ನೋಡಿ, ನಿಮ್ಮ ಪ್ರತಿ ಬೇರೆಯವರು ಅದೇ ಸಿಡಿಯಿಂದ ತೆಗೆದ ಪ್ರತಿಗೆ ಹೊಂದುತ್ತದೆಯೇ ಎಂದು ತಿಳಿಸುತ್ತದೆ. ಫ್ಲ್ಯಾಕ್‌ನಲ್ಲಿ ಉಳಿಸಿದರೆ ಗಾತ್ರ ಮೂಲದ ಸುಮಾರು ಅರ್ಧದಿಂದ ಮೂರರಲ್ಲೆರಡು ಪಾಲಿಗೆ ಇಳಿಯುತ್ತದೆ. ನಿಮ್ಮ ಸಂಗ್ರಹವೆಲ್ಲ 100 ಗಿಗಾಬೈಟ್‌ನ ಆಸುಪಾಸಿನಲ್ಲಿ ಹಿಡಿಸೀತು. ಎರಡು ಪ್ರತ್ಯೇಕ ಡ್ರೈವ್‌ಗಳಲ್ಲಿ ಇಡಿ.

ಇಳಿಸುವ ಮೊದಲು ಸಿಡಿಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತುಸುತ್ತಾಗಿ ಉಜ್ಜಬೇಡಿ. ಸುತ್ತಾಗಿ ಬಿದ್ದ ಗೀರು ಹಾದಿಯ ಉದ್ದಕ್ಕೂ ಸಾಗುವುದರಿಂದ ತಿದ್ದಲು ಆಗುವುದಿಲ್ಲ. ಹೊಳೆಯುವ ಬದಿಗಿಂತ ಹೆಸರು ಮುದ್ರಿಸಿದ ಬದಿಯನ್ನೇ ಹೆಚ್ಚು ಜೋಪಾನ ಮಾಡಬೇಕು ಎಂಬುದು ಬಹಳ ಜನರಿಗೆ ತಿಳಿದಿಲ್ಲ. ಮಾಹಿತಿಯ ಪದರ ಇರುವುದು ಆ ಬದಿಯ ತೆಳು ಲೇಪದ ಕೆಳಗೇ.

ಇನ್ನೊಂದು ಸೂಕ್ಷ್ಮ. 1980ರ ದಶಕದ ಕೆಲವು ಸಿಡಿಗಳಲ್ಲಿ ಪ್ರಿ-ಎಂಫಸಿಸ್ ಎಂಬ ವಿಧಾನದಲ್ಲಿ ಎತ್ತರದ ಸ್ವರಗಳನ್ನು ಹೆಚ್ಚಿಸಿ ಮುದ್ರಿಸಿರುತ್ತಾರೆ. ಪ್ಲೇಯರ್ ಅದನ್ನು ಗುರುತಿಸಿ ತಾನೇ ಇಳಿಸುತ್ತದೆ, ಆದರೆ ರಿಪ್ ಮಾಡಿದ ಫೈಲಿನಲ್ಲಿ ಆ ಗುರುತು ಕಳೆದುಹೋಗಿ ಧ್ವನಿ ಚುರುಚುರು ಎನ್ನುವಷ್ಟು ತೀಕ್ಷ್ಣವಾಗಬಹುದು. ಹಳೆಯ ಸಿಡಿಯೊಂದು ಹಾಗೆ ಕೇಳಿಸಿದರೆ ಡ್ಯಾಕನ್ನು ಬೈಯುವ ಮೊದಲು ಇದನ್ನು ಪರಿಶೀಲಿಸಿ.

ಉತ್ತರ: ಅಳತೆಗೋಲು

ಡ್ಯಾಕ್ ಕೊಳ್ಳುವ ಮೊದಲು ನಿಮ್ಮ ಸಂಗ್ರಹದಲ್ಲಿ ಎಸ್‌ಎಸಿಡಿಗಳು (ಸೂಪರ್ ಆಡಿಯೋ ಸಿಡಿಗಳು) ಇವೆಯೇ ನೋಡಿಕೊಳ್ಳಿ. 1999ರಲ್ಲಿ ಬಂದ ಆ ಡಿಸ್ಕುಗಳ ಮೇಲ್ದರ್ಜೆಯ ಪದರವನ್ನು ಓದಲು ಬೇರೆ ಬಗೆಯ ಪ್ಲೇಯರೇ ಬೇಕು, ಅಂಥ ಪ್ಲೇಯರುಗಳೂ ಆ ಪದರವನ್ನು ಆಪ್ಟಿಕಲ್ ಅಥವಾ ಕೊಯಾಕ್ಸಿಯಲ್ ತಂತಿಯ ಮೂಲಕ ಹೊರಗೆ ಬಿಡುವುದಿಲ್ಲ. ಸಾಧಾರಣ ಕಂಪ್ಯೂಟರ್ ಡ್ರೈವ್‌ನಲ್ಲಿಯೂ ಅದು ರಿಪ್ ಆಗುವುದಿಲ್ಲ. ಹೈಬ್ರಿಡ್ ಎಂದು ಗುರುತಿಸಿದ್ದರೆ ಅದರ ಸಿಡಿ ಪದರವನ್ನು ನಿಮ್ಮ ಈಗಿನ ಪ್ಲೇಯರ್ ಮತ್ತು ಡ್ಯಾಕ್ ಎಂದಿನಂತೆ ನುಡಿಸುತ್ತವೆ, ಕಂಪ್ಯೂಟರಿಗೆ ಇಳಿಯುವುದೂ ಅದೇ ಪದರ. ಹೈಬ್ರಿಡ್ ಅಲ್ಲದವು ಇದ್ದರೆ ಎಷ್ಟಿವೆ ಎಂದು ಇಲ್ಲಿ ಬರೆಯಿರಿ, ಅವುಗಳಿಗೆ ಬೇರೆ ದಾರಿ ನೋಡೋಣ.